ಥೀಮ್ ಪಾರ್ಕ್ ಕೇಳಿದ ಮಕ್ಕಳನ್ನು ಬಾಗಲಕೋಟೆಗೆ ಕರ್ಕೊಂಡು ಹೋದೆ

ಡಿಸೆಂಬರ್ ರಜೆಗೆ ಇನ್ನೂ ಎರಡು ತಿಂಗಳಿರುವಾಗಲೇ ನಮ್ಮ ಮನೆ ಫ್ರಿಡ್ಜ್ ಮೇಲೆ ಒಂದು ಚೀಟಿ ಅಂಟಿಕೊಂಡಿತು. ಹನ್ನೊಂದು ವರ್ಷದ ಮಗಳ ಕೈಬರಹ: "ಈ ಸಲ ಥೀಮ್ ಪಾರ್ಕ್. ಒಂದೇ ದಿನದ್ದಲ್ಲ, ಹೋಟೆಲ್‌ನಲ್ಲಿ ಉಳಿಯೋ ಥರದ್ದು." ಅದರ ಕೆಳಗೆ ಆರು ವರ್ಷದ ಮಗ ನೀರಿನ ಅಲೆ, ಒಂದು ಜಾರುಬಂಡೆ, ಜಾರುತ್ತಿರುವ ತನ್ನದೇ ಚಿತ್ರ ಬರೆದಿದ್ದ. ಮನವಿಗೆ ಇಬ್ಬರ ಸಹಿಯೂ ಇತ್ತು.

ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತೆ. ಬಿಡದಿಯ ವಂಡರ್‌ಲಾ ಎರಡು ಸಲ ಆಗಿದೆ. ಅಲ್ಲಿಂದ ತಂದ ಪಾರ್ಕಿನ ಮ್ಯಾಪ್ ಮಗಳ ಓದುವ ಟೇಬಲ್ ಮೇಲಿನ ಗೋಡೆಯಲ್ಲಿ ಇನ್ನೂ ಇದೆ. ಮುಂಬೈ-ಪುಣೆ ನಡುವೆ ಖೋಪೋಲಿಯಲ್ಲಿರುವ ಇಮ್ಯಾಜಿಕಾ ಅಂದರೆ ಪುಣೆಗೆ ವಿಮಾನ, ಟ್ಯಾಕ್ಸಿ, ಎರಡು ರಾತ್ರಿ ಹೋಟೆಲ್, ನಾಲ್ಕು ಟಿಕೆಟ್, ಒಳಗಿನ ಊಟ. ಎಕ್ಸೆಲ್ ಶೀಟಿನ ಕೊನೆಯ ಸಾಲು ನೋಡಿ ನಮ್ಮ ಮನೆಯವರು ಏನೂ ಹೇಳದೆ ನೀರು ಕುಡಿಯಲು ಎದ್ದು ಹೋದರು.

ದುಡ್ಡಿನ ಮಾತಷ್ಟೇ ಆಗಿದ್ದರೆ ಹೇಗೋ ಮಾಡಬಹುದಿತ್ತು. ಅದೇ ವಾರ ಬಾಗಲಕೋಟೆಯಿಂದ ಅವ್ವನ ಫೋನ್ ಬಂತು. "ಈ ಸೂಟೀಗೂ ಬರೂದಿಲ್ಲೇನು?" ಎರಡು ವರ್ಷ ಆಗಿತ್ತು ನಾವು ಹೋಗಿ. ಅವ್ವನನ್ನೂ ಪಾರ್ಕಿಗೆ ಕರ್ಕೊಂಡು ಹೋಗೋಣ ಅಂದರೆ, ಎಪ್ಪತ್ತು ದಾಟಿದ, ಮೊಣಕಾಲು ನೋವಿನ ಹೆಂಗಸು ಅಲ್ಲಿ ಏನು ಮಾಡಬೇಕು? ಎಲ್ಲರ ಚಪ್ಪಲಿ, ಬ್ಯಾಗು ಕಾಯ್ದುಕೊಂಡು ಬೆಂಚಿನ ಮೇಲೆ ಕೂರಬೇಕು. ಪ್ರತಿ ಪಾರ್ಕಿನಲ್ಲೂ ಹಾಗೆ ಕೂತ ಅಜ್ಜ-ಅಜ್ಜಿಯರನ್ನು ನೋಡಿದ್ದೇನೆ, ನೀವೂ ನೋಡಿರುತ್ತೀರಿ.

ಹಾಗಾಗಿ ಹೊಸ ಶೀಟ್ ತೆಗೆದೆ. ಐದು ಜನರಿಗೂ ಒಂದೇ ಪ್ರಶ್ನೆ: ಈ ಪ್ರವಾಸದಲ್ಲಿ ಬೇಕೇ ಬೇಕಾದ ಒಂದೇ ಒಂದು ಏನು? ಮಗನಿಗೆ ನೀರು. ಮಗಳಿಗೆ "ಪಾರ್ಕ್ ಅಂತ ಹೆಸರಿರೋದು ಏನಾದ್ರೂ". ಮನೆಯವರಿಗೆ ಇತಿಹಾಸ ಮತ್ತು ಮಧ್ಯಾಹ್ನದ ನಿದ್ದೆ. ನನಗೆ ಮಗ್ಗದಿಂದ ಇಳಿಸಿದ ಇಳಕಲ್ ಸೀರೆ. ಅವ್ವನಿಗೆ ಬನಶಂಕರಿಗೆ ಉಡಿ ತುಂಬಬೇಕು. ಐದೂ ಬಾಗಲಕೋಟೆಯ ಸುತ್ತಮುತ್ತಲೇ ಸಿಗುತ್ತವೆ. ಪಾರ್ಕು ಕೂಡ ಇದೆ, ಆಲಮಟ್ಟಿಯಲ್ಲಿ. ಆ ಹೆಸರು ಕೇಳಿದ ಕೂಡಲೇ ಅವ್ವ ಫೋನಿನಲ್ಲಿ ಹೇಳಿದ್ದು ಇಷ್ಟು: "ನಮ್ಮ ಮನಿ ಮುಣುಗಿಸಿ ತ್ವಾಟ ಮಾಡ್ಯಾರ. ಅದನ್ನ ರೊಕ್ಕಾ ಕೊಟ್ಟು ನೋಡ್ಬೇಕೇನು? ನೀವು ಹೋಗಿ ಬರ್ರಿ. ನಾ ಒಲ್ಲೆ."

ಶೀಟಿನಲ್ಲಿ ಆಲಮಟ್ಟಿಯ ಮುಂದೆ ಪ್ರಶ್ನೆ ಚಿಹ್ನೆ ಹಾಕಿ ರೈಲಿನ ಟಿಕೆಟ್ ಬುಕ್ ಮಾಡಿದೆ.

ಬೆಂಗಳೂರಿನಿಂದ ಸಂಜೆ ಹೊರಡುವ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಬೆಳಿಗ್ಗೆ ಬಾದಾಮಿಯಲ್ಲಿ ಇಳಿಸುತ್ತದೆ. ರಜೆಯ ದಿನಗಳಿಗೆ ಟಿಕೆಟ್ ಬೇಗ ಖಾಲಿ. ಸ್ಟೇಷನ್ ಊರಿನಿಂದ ಸುಮಾರು ಐದು ಕಿಲೋಮೀಟರ್ ಹೊರಗಿದೆ. ನಾವು ಬಾಗಲಕೋಟೆಯಲ್ಲೇ ಮೂರು ದಿನಕ್ಕೆ ಒಂದು ದೊಡ್ಡ ಕಾರು ಗೊತ್ತು ಮಾಡಿದ್ದೆವು. ಡ್ರೈವರಣ್ಣ ಬೆಳಿಗ್ಗೆ ನವನಗರದಿಂದ ಅವ್ವನನ್ನು ಕೂರಿಸಿಕೊಂಡು ಸೀದಾ ಸ್ಟೇಷನ್ನಿಗೆ ಬಂದ. ಹಿರಿಯರು ಜೊತೆಗಿದ್ದರೆ ಇಲ್ಲಿ ಬಸ್ಸು, ಆಟೋ ಅಂತ ಉಳಿತಾಯ ಮಾಡಲು ಹೋಗಬೇಡಿ. ಒಂದು ಜಾಗದಿಂದ ಇನ್ನೊಂದಕ್ಕೆ ದೂರ ಕಡಿಮೆ, ಆದರೆ ಕಾಯುವ ಹೊತ್ತು ಜಾಸ್ತಿ.

ಹೋಟೆಲ್ ವಿಷಯ. ಬಾದಾಮಿಯಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಚಾಲುಕ್ಯ ಇದೆ, ಬಸ್ ನಿಲ್ದಾಣದ ಸುತ್ತ ಮಧ್ಯಮ ದರದ ಲಾಡ್ಜ್‌ಗಳಿವೆ, ಊರ ಹೊರಗೆ ತೋಟದ ನಡುವಿನ ಹೋಟೆಲ್‌ಗಳೂ ಇವೆ. ನಾವು ಈಜುಕೊಳದ ಫೋಟೋಗೆ ಮರುಳಾಗಿ ಒಂದು ಕಡೆ ಬುಕ್ ಮಾಡಿದೆವು. ಹೆಸರು ಬೇಡ. ಕೊಳ ಇತ್ತು, ನೀರಿರಲಿಲ್ಲ. ತಳದಲ್ಲಿ ಒಣಗಿದ ಎಲೆ, ಅದರ ಮೇಲೊಂದು ಬೆಕ್ಕು. ಮಗ ಕಂಬಿ ಹಿಡಿದು ಬಗ್ಗಿ ನೋಡಿ, ಅಳಲೂ ಇಲ್ಲ, ಮಾತೂ ಆಡಲಿಲ್ಲ. ಅದೇ ಹೆಚ್ಚು ಚುಚ್ಚಿತು. ಇನ್ನು ಮುಂದೆ ಹೋಟೆಲ್ ಬುಕ್ ಮಾಡುವ ಮುನ್ನ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳುವುದು ಅಂತ ಅವತ್ತೇ ಬರೆದಿಟ್ಟುಕೊಂಡೆ: ಕೊಳದಲ್ಲಿ ಇವತ್ತು ನೀರಿದೆಯಾ, ಕೆಳಗಿನ ಮಹಡಿಯಲ್ಲಿ ರೂಮಿದೆಯಾ, ಕಮೋಡ್ ಇದೆಯಾ, ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ. ವೆಬ್‌ಸೈಟಿನ ಫೋಟೋ ಯಾವ ವರ್ಷದ್ದೋ ಏನೋ.

ಮಧ್ಯಾಹ್ನದ ಊಟಕ್ಕೆ ಹೋಟೆಲ್ ಬೇಕಾಗಲೇ ಇಲ್ಲ. ಬಾದಾಮಿಯಿಂದ ಐದೇ ಕಿಲೋಮೀಟರಿನಲ್ಲಿ ಬನಶಂಕರಿ. ಅವ್ವ ಉಡಿ ತುಂಬಿ ಬರುವಷ್ಟರಲ್ಲಿ, ಹೊರಗೆ ಇಳಕಲ್ ಸೀರೆ ಉಟ್ಟ ಹೆಂಗಸರು ಬುಟ್ಟಿ ಇಳಿಸಿಕೊಂಡು "ಬರ್ರಿ ಯಕ್ಕಾ, ರೊಟ್ಟಿ ಉಣ್ಣಬರ್ರಿ" ಅಂತ ಕರೆಯುತ್ತಿದ್ದರು. ಬುಟ್ಟಿಯೊಳಗೆ ಜೋಳದ ರೊಟ್ಟಿ, ಕಾಳಿನ ಪಲ್ಯ, ಝುಣಕ, ಬದನೆಕಾಯಿ, ಕೆಂಪು ಖಾರ, ಗಡಿಗೆಯ ಗಟ್ಟಿ ಮೊಸರು. ಮರದ ನೆರಳಲ್ಲಿ ಕೂತರೆ ಕೈಗೇ ಬಡಿಸುತ್ತಾರೆ. ತುಮಕೂರು ಕಡೆಯವರಾದ ನಮ್ಮ ಮನೆಯವರು ಮುದ್ದೆಯ ಪರವಾಗಿ ಹದಿಮೂರು ವರ್ಷದಿಂದ ನನ್ನ ಜೊತೆ ವಾದ ಮಾಡುತ್ತಾ ಬಂದವರು. ಅವತ್ತು ನಾಲ್ಕನೇ ರೊಟ್ಟಿಗೆ ಕೈ ಚಾಚಿದ್ದನ್ನು ಮಗಳು ವಿಡಿಯೋ ಮಾಡಿಟ್ಟಿದ್ದಾಳೆ. ಖಾರ ತಡೆಯದ ಮಕ್ಕಳಿಗೆ ಮೊಸರು ಜಾಸ್ತಿ ಹಾಕಿಸಿ, ಅಷ್ಟು ಸಾಕು. ಉಳಿದ ಹೊತ್ತಿನ ಊಟಕ್ಕೆ ಯಾವ ಊರಲ್ಲಾದರೂ "ಖಾನಾವಳಿ" ಅನ್ನುವ ಬೋರ್ಡ್ ಹುಡುಕಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ. ಇಲ್ಲಿ ಪನೀರ್ ಬಟರ್ ಮಸಾಲಾ ಆರ್ಡರ್ ಮಾಡಿದರೆ ತಪ್ಪು ನಿಮ್ಮದೇ.

ಗುಹೆಗಳಿಗೆ ನಾಲ್ಕು ಗಂಟೆಯ ಮೇಲೆ ಹೋದೆವು. ಇಳಿಬಿಸಿಲಿಗೆ ಬಂಡೆ ಕೆಂಪಗೆ ಕಾಣುವುದು ಆಗಲೇ. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ತಿಂಡಿ ಪೊಟ್ಟಣ ಮಾತ್ರ ಕೈಯಲ್ಲಿ ಹಿಡಿಯಬೇಡಿ, ಮಂಗಗಳು ನಿಮಗಿಂತ ಚುರುಕು. ಮೊದಲನೇ ಗುಹೆ ಕೆಳಗೇ ಇರುವುದರಿಂದ ಅವ್ವ ಅಲ್ಲಿವರೆಗೆ ನಿಧಾನಕ್ಕೆ ಹತ್ತಿದಳು. ಅದರ ಬಲಗಡೆ ಬಂಡೆಯಲ್ಲೇ ನಟರಾಜ. ಹದಿನೆಂಟು ಕೈ. ಮಗಳು ಎಣಿಸಿದಾಗ ಹದಿನೇಳು, ಮಗ ಎಣಿಸಿದಾಗ ಇಪ್ಪತ್ತು, ಜಗಳ ಮೂರನೇ ಗುಹೆವರೆಗೂ ನಡೆಯಿತು. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಮಂಗಳೇಶ ಮಾಡಿಸಿದ್ದು. ಅಲ್ಲಿನ ಶಾಸನದ ಕಾಲ ಕ್ರಿ.ಶ. 578. ಮೇಲಿಂದ ಅಗಸ್ತ್ಯ ತೀರ್ಥ ಪೂರ್ತಿ ಕಾಣುತ್ತದೆ. ಮೆಟ್ಟಿಲು ಹತ್ತಲಾಗದವರು ಬೇಸರ ಮಾಡಿಕೊಳ್ಳಬೇಕಿಲ್ಲ, ಕೆರೆಯ ದಂಡೆಯಲ್ಲೇ ನಡೆದು ಭೂತನಾಥ ಗುಡಿಗೆ ಹೋಗಬಹುದು. ಅವ್ವ ಅಲ್ಲಿ ನೀರಿನ ಅಂಚಿನ ಕಟ್ಟೆಯ ಮೇಲೆ ಕತ್ತಲಾಗುವವರೆಗೆ ಕೂತಿದ್ದಳು. ದಂಡೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ನಾವು ಹೋದದ್ದು ಶುಕ್ರವಾರವೇ.

ಮಗನ ನೀರಿನ ಸಾಲ ತೀರಿದ್ದು ಎರಡನೇ ದಿನ, ಮಹಾಕೂಟದಲ್ಲಿ. ಗುಡ್ಡದ ಬುಡದಲ್ಲಿ ಮರಗಳ ನೆರಳು, ಸುತ್ತ ಹಳೇ ಗುಡಿಗಳು, ನಡುವೆ ಸದಾ ಒಸರುವ ಊಟೆಯ ನೀರಿನ ಪುಷ್ಕರಣಿ. ಊರ ಹುಡುಗರು ಕಟ್ಟೆಯಿಂದ ದಬಾಲ್ ಅಂತ ಜಿಗಿಯುತ್ತಿದ್ದರು. ಕೊಳ ಆಳ ಇದೆ, ಚಿಕ್ಕವರನ್ನು ಒಬ್ಬರೇ ಬಿಡಬಾರದು. ಇವರಪ್ಪ ಪಂಚೆ ಎತ್ತಿ ಕಟ್ಟಿ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಇಳಿದರು. ಒಂದು ತಾಸಾದರೂ ಮೇಲೆ ಬರುವ ಲಕ್ಷಣ ಇರಲಿಲ್ಲ. "ಇಲ್ಲಿ ಕ್ಯೂ ಇಲ್ಲ ಅಮ್ಮಾ!" ಅಂತ ಮಗ ಅಲ್ಲಿಂದಲೇ ಕೂಗಿದ. ದೇವಸ್ಥಾನದ ಕೊಳ, ಸೋಪು-ಶಾಂಪೂ ತೆಗೆಯಬೇಡಿ.

ಪಟ್ಟದಕಲ್ಲಿನ ಬಗ್ಗೆ ಒಂದೇ ಮಾತು ಹೇಳುತ್ತೇನೆ: ವಯಸ್ಸಾದವರಿಗೆ ಈ ಮೂರರಲ್ಲಿ ಅತಿ ಸುಲಭದ ಜಾಗ ಇದು. ಮಲಪ್ರಭಾ ದಂಡೆಯ ಸಮತಟ್ಟಾದ ಹುಲ್ಲುಹಾಸಿನಲ್ಲಿ ಹೆಚ್ಚಿನ ಗುಡಿಗಳು ಒಂದೇ ಕಡೆ ಇವೆ. ಉತ್ತರದ ನಾಗರ ಶೈಲಿಯ ಶಿಖರ, ದಕ್ಷಿಣದ ದ್ರಾವಿಡ ಶಿಖರ ಅಕ್ಕಪಕ್ಕ ನಿಂತಿರುವುದು ಮಕ್ಕಳಿಗೂ ಗೊತ್ತಾಗುತ್ತದೆ. 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ. ದೊಡ್ಡದಾದ ವಿರೂಪಾಕ್ಷ ಗುಡಿಯನ್ನು ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದದ್ದಕ್ಕೆ. ಇದನ್ನು ಕೇಳಿ ಮಗಳು, "ಅಪ್ಪ ಪ್ರಮೋಷನ್ ತಗೊಂಡ್ರೆ ನೀನೇನು ಕಟ್ಟಿಸ್ತೀಯಾ?" ಅಂದಳು. ಸೀರೆ ತಗೋತೀನಿ ಅಂದೆ.

ಐಹೊಳೆ ಅಲ್ಲಿಂದ ಅರ್ಧ ತಾಸು. ದುರ್ಗ ಗುಡಿಗೆ ಆ ಹೆಸರು ಬಂದದ್ದು ದುರ್ಗಾದೇವಿಯಿಂದಲ್ಲ, ಪಕ್ಕದ ಕೋಟೆಯಿಂದ. ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ, ಮಗ ಅದರ ಸುತ್ತ ಆರು ಸುತ್ತು ಓಡಿದ. ಮೇಗುತಿ ಗುಡ್ಡವನ್ನು ನಮ್ಮ ಮನೆಯವರು ಒಬ್ಬರೇ ಹತ್ತಿದರು. ರವಿಕೀರ್ತಿ ಬರೆದ 634ರ ಶಾಸನ ಅಲ್ಲಿದೆ, ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದ್ದನ್ನು ಹೇಳುವ ಶಾಸನ. ಅವರ ಇತಿಹಾಸದ ಕೋಟಾ ಅಲ್ಲಿಗೆ ಮುಗಿಯಿತು, ನಿದ್ದೆಯ ಕೋಟಾ ಕಾರಿನಲ್ಲಿ.

ಆ ರಾತ್ರಿ ಮತ್ತೆ ಬಾದಾಮಿಗೆ ವಾಪಸ್ ಹೋಗಲಿಲ್ಲ. ಬಹಳ ಜನ ಆ ತಪ್ಪು ಮಾಡುತ್ತಾರೆ, ಬಂದ ದಾರಿಯನ್ನೇ ಮತ್ತೆ ಸವೆಸುತ್ತಾರೆ. ಐಹೊಳೆಯಿಂದ ಮುಂದೆ ಅಮೀನಗಡ, ಅದಾದ ಮೇಲೆ ಹುನಗುಂದ, ಅಲ್ಲಿಂದ ಹತ್ತಿರದಲ್ಲೇ ಇಳಕಲ್. ಅಮೀನಗಡದಲ್ಲಿ ಕರದಂಟಿಗೆ ಕಾರು ನಿಲ್ಲಿಸದಿದ್ದರೆ ಡ್ರೈವರಣ್ಣನೇ ಬೈತಿದ್ದ. ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಕೊಬ್ಬರಿ, ಗೋಡಂಬಿ, ಬಾದಾಮಿ. ಒಂದು ತುಂಡು ಬಾಯಿಗಿಟ್ಟರೆ ಹಿಂದಿನ ಸೀಟು ಹತ್ತು ನಿಮಿಷ ಶಾಂತ. ಇಳಕಲ್ಲಿನಲ್ಲಿ ಉಳಿದದ್ದು ಸಾದಾ ಲಾಡ್ಜು. ಫೋಟೋ ಹಾಕಿಕೊಳ್ಳುವಂಥದ್ದೇನಲ್ಲ, ಹಾಸಿಗೆ ಸ್ವಚ್ಛ ಇತ್ತು, ಬಿಸಿನೀರು ಹೇಳಿದ ಹೊತ್ತಿಗೆ ಬಂತು. ಬೆಳಿಗ್ಗೆ ಚುರುಮುರಿ ಒಗ್ಗರಣೆ, ಮಿರ್ಚಿ ಭಜಿ, ಚಹಾ.

ಇಳಕಲ್ಲಿನ ಓಣಿಯಲ್ಲಿ ನಿಂತು ಕಿವಿಗೊಟ್ಟರೆ ಮಗ್ಗ ಎಲ್ಲಿದೆ ಅಂತ ಯಾರನ್ನೂ ಕೇಳಬೇಕಿಲ್ಲ. ಅವ್ವನ ಪರಿಚಯದ ನೇಕಾರರ ಮನೆಗೆ ಹೋದೆವು. ಕುಣಿ ಮಗ್ಗ, ಅಂದರೆ ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ತುಳಿಯಬೇಕು. ಇಳಕಲ್ ಸೀರೆಯ ಗುಟ್ಟು ಅವರು ತೋರಿಸಿದ ಕೊಂಡಿಯಲ್ಲಿದೆ. ಮೈಗೆ ಬೇರೆ ಹಾಸು, ಸೆರಗಿಗೆ ಬೇರೆ ರೇಷ್ಮೆ ಹಾಸು. ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಅದಕ್ಕೇ ಒಂದೊಂದು ಸೀರೆಗೂ ಹಾಸನ್ನು ಹೊಸದಾಗಿ ಹೂಡಬೇಕು, ಥಾನಿನಂತೆ ಉದ್ದಕ್ಕೆ ನೇಯ್ದು ಕತ್ತರಿಸಲು ಬರುವುದಿಲ್ಲ. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆ ಮೂಡುವುದು ಟೋಪ್ ತೆನಿ. ಮಗನನ್ನು ಮಗ್ಗದ ಪಕ್ಕ ಕೂರಿಸಿ ಲಾಳಿ ಓಡುವುದನ್ನು ತೋರಿಸಿದರು. ಅವನು "ಇನ್ನೊಂದ್ಸಲ, ಇನ್ನೊಂದ್ಸಲ" ಅಂತ ಅರ್ಧ ಗಂಟೆ ಅಲ್ಲಾಡಲಿಲ್ಲ. ಅಂಗಡಿಯಲ್ಲಿ ಕೊಳ್ಳುವವರು ಕೈಮಗ್ಗದ್ದೋ, ಪವರ್‌ಲೂಮಿನದ್ದೋ ಅಂತ ಬಾಯಿಬಿಟ್ಟು ಕೇಳಿ. ದರದಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ, ಇರಲೂಬೇಕು. ನಾನು ದಾಳಿಂಬೆ ಬಣ್ಣದ್ದೊಂದು ತಗೊಂಡೆ. ಅವ್ವ ತನಗೆ ಬೇಡ ಅಂದಳು, ಆದರೆ ಮೈತುಂಬ ಚೌಕಳಿ ಇದ್ದ ಒಂದನ್ನು ಮೂರು ಸಲ ಮುಟ್ಟಿ ನೋಡಿದ್ದಳು. ಅದೂ ಬಂತು.

ಹುನಗುಂದ ದಾಟಿ ಮಧ್ಯಾಹ್ನಕ್ಕೆ ಕೂಡಲಸಂಗಮ. ಕೃಷ್ಣಾ, ಮಲಪ್ರಭಾ ಸೇರುವ ಜಾಗ. ದಾಸೋಹದಲ್ಲಿ ಊಟ ಮಾಡಿದೆವು. ಬಸವಣ್ಣನವರ ಐಕ್ಯ ಮಂಟಪ ಹೊಳೆಯೊಳಗಿದೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ನುಂಗಬಾರದೆಂದು ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿದ್ದಾರೆ. ಸೇತುವೆ ಮೇಲೆ ನಡೆದು ಮೆಟ್ಟಿಲಿಳಿದು ಹೋದರೆ ತಳದಲ್ಲಿ ಒಣನೆಲ, ಪುಟ್ಟ ಮಂಟಪ, ಗೋಡೆಯ ಆಚೆ ಎಲ್ಲಾ ನೀರು. ಮೊಣಕಾಲು ಹಿಡಿದುಕೊಂಡೇ ಅವ್ವ ಕೆಳಗಿಳಿದಳು. ಹೊರಬಂದ ಮೇಲೆ ಹೇಳಿದಳು, "ಗ್ವಾಡಿ ಕಟ್ಟಿ ಉಳಿಸ್ಯಾರ. ಚಲೋ ಮಾಡ್ಯಾರ." ಸ್ವಲ್ಪ ಹೊತ್ತು ಬಿಟ್ಟು, "ಎಲ್ಲಾದಕ್ಕೂ ಗ್ವಾಡಿ ಕಟ್ಟಾಕ ಬರೂದಿಲ್ಲ ಬಿಡು."

ಇಲ್ಲೊಂದು ಮಾತು ಹೇಳಿಬಿಡಬೇಕು. ನಾವಿದ್ದದ್ದು ಹಳೇ ಬಾಗಲಕೋಟೆಯಲ್ಲಿ, ಘಟಪ್ರಭೆಯ ಕಡೆಗೆ ತಗ್ಗಿನಲ್ಲಿದ್ದ ಓಣಿಯಲ್ಲಿ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು. ಜಲಾಶಯಕ್ಕೆ ಅವರದೇ ಹೆಸರು. ನೀರು ನಮ್ಮ ಮನೆ ಬಾಗಿಲಿಗೆ ಬಂದದ್ದು ಬಹಳ ವರ್ಷಗಳ ಮೇಲೆ, ನಾನು ಹೈಸ್ಕೂಲಿನಲ್ಲಿದ್ದಾಗ. ನವನಗರದಲ್ಲಿ ಸೈಟ್ ಸಿಕ್ಕಿತು, ಪರಿಹಾರದ ದುಡ್ಡೂ ಬಂತು. ಓಣಿಯ ಹೆಸರಿನಲ್ಲಿದ್ದ ವಿಳಾಸ ಸೆಕ್ಟರ್ ನಂಬರ್ ಆಯಿತು. ಅಪ್ಪ ಹಳೇ ಮನೆಯ ತಲೆಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ತಂದು ಹೊಸ ಮನೆಗೆ ಕೂರಿಸಿದರು. ಅದು ಈಗಲೂ ಮನೆಗಿಂತ ದೊಡ್ಡದಾಗಿ ಕಾಣುತ್ತದೆ. ಆ ನೀರಿನಿಂದ ಎಷ್ಟೋ ಹೊಲ ಹಸಿರಾಗಿವೆ, ಅದನ್ನು ಅವ್ವನೂ ಅಲ್ಲಗಳೆಯುವುದಿಲ್ಲ. ಪಾರ್ಕು ಮಾತ್ರ ಬೇಡ ಅನ್ನುತ್ತಾಳೆ.

ಕೂಡಲಸಂಗಮದಿಂದ ಹೆದ್ದಾರಿ ಹಿಡಿದರೆ ಆಲಮಟ್ಟಿ ದಾರಿಯಲ್ಲೇ ಸಿಗುತ್ತದೆ. ಬಿಸಿಲು ಇಳಿದ ಮೇಲೆ ತಲುಪಿದೆವು. ಅವ್ವ ಕಾರಿನಲ್ಲೇ ಇರುತ್ತೇನೆ ಅಂದಳು. ನಾವೂ ಒತ್ತಾಯ ಮಾಡಲಿಲ್ಲ. ಗೇಟಿನವರೆಗೆ ಹೋದ ಮಗ ವಾಪಸ್ ಓಡಿ ಬಂದು ಕಾರಿನ ಕಿಟಕಿಗೆ ಮೂಗು ಒತ್ತಿ ನಿಂತ. "ಅಜ್ಜೀ, ನೀನು ಬರ್ದಿದ್ರೆ ನನ್ನ ಚಪ್ಪಲಿ ಯಾರು ಹಿಡ್ಕೋತಾರೆ?"

ಅವ್ವ ಇಳಿದಳು.

ರಾಕ್ ಗಾರ್ಡನ್ ಮಕ್ಕಳಿಗೆ ಚೆನ್ನಾಗಿಯೇ ಇದೆ. ಪ್ರಾಣಿಗಳ, ಪಕ್ಷಿಗಳ ದೊಡ್ಡ ದೊಡ್ಡ ಪ್ರತಿಮೆಗಳು, ಲವ-ಕುಶ ಉದ್ಯಾನ, ಮೊಘಲ್ ಉದ್ಯಾನ, ಕತ್ತಲಾದ ಮೇಲೆ ಸಂಗೀತ ಕಾರಂಜಿ. ರೋಲರ್ ಕೋಸ್ಟರ್ ಹುಡುಕಿಕೊಂಡು ಹೋದರೆ ನಿರಾಶೆ ಆಗುತ್ತದೆ. ನಡಿಗೆ ಜಾಸ್ತಿ, ಆದ್ದರಿಂದ ಕನಿಷ್ಠ ಎರಡು ತಾಸು ಇಟ್ಟುಕೊಳ್ಳಿ, ಕಾರಂಜಿ ಯಾವ ಹೊತ್ತಿಗೆ ಅಂತ ಗೇಟಿನಲ್ಲೇ ಕೇಳಿಕೊಳ್ಳಿ. ಮಗಳು "ಪಾರ್ಕ್ ಅಂತ ಹೆಸರಿದೆ, ಪರವಾಗಿಲ್ಲ" ಅಂತ ಪಾಸ್ ಮಾರ್ಕ್ಸ್ ಕೊಟ್ಟಳು.

ಕಾರಂಜಿ ಶುರುವಾದಾಗ ಅವ್ವ ನನ್ನ ಪಕ್ಕದಲ್ಲಿದ್ದಳು, ಮಡಿಲಲ್ಲಿ ಮಗನ ಚಪ್ಪಲಿ. ನೀರು ಹಸಿರಾಯಿತು, ಕೆಂಪಾಯಿತು, ಹಾಡಿಗೆ ಬಾಗಿ ಎದ್ದಿತು. ಸುತ್ತ ಜನ ಮೊಬೈಲ್ ಎತ್ತಿ ಹಿಡಿದಿದ್ದರು. "ಚಂದ ಮಾಡ್ಯಾರ," ಅಂದಳು. ಆಮೇಲೆ ಕಣ್ಣು ತೆಗೆಯದೇ, "ನಮ್ಮ ಬಚ್ಚಲದಾಗ ಬಂದಿತ್ತಲ್ಲ, ಅದ ನೀರು." ಮಗಳು ನಡುವೆ ಬಾಯಿ ಹಾಕಿದಳು, "ಅಜ್ಜಿ, ನಿಮ್ಮ ಮನೆ ಯಾವ ಕಡೆ ಇತ್ತು?" ಅವ್ವ ಕತ್ತಲಲ್ಲಿ ಎರಡೂ ಕಡೆ ನೋಡಿ, "ಇಲ್ಲಿಂದ ಕಾಣಂಗಿಲ್ಲವಾ. ನಾಳೆ ತೋರಸ್ತೀನಿ" ಅಂದಳು.

ಮರುದಿನ ನಮ್ಮ ಶೀಟಿನಲ್ಲಿ "ವಿಶ್ರಾಂತಿ, ಪ್ಯಾಕಿಂಗ್" ಅಂತ ಇತ್ತು. ಬೆಳಿಗ್ಗೆ ಏಳಕ್ಕೇ ಅವ್ವ ಹೊಸ ಚೌಕಳಿ ಸೀರೆ ಉಟ್ಟು ರೆಡಿ. ಹಳೇ ಊರಿನ ಒಂದು ಓಣಿ ಇಳಿಯುತ್ತಾ ಹೋಗಿ ಸುಮ್ಮನೆ ನೀರಿನಲ್ಲಿ ಮುಗಿಯುವ ಜಾಗಕ್ಕೆ ಕರೆದೊಯ್ದಳು. ಮಗಳು ನನ್ನ ಬ್ಯಾಗಿನಿಂದ ಪ್ಲಾನ್ ಶೀಟ್ ತೆಗೆದು ಹಿಂದೆ ತಿರುಗಿಸಿ, ಕಲ್ಲಿನ ಮೇಲೆ ಇಟ್ಟುಕೊಂಡು ಕೂತಳು. "ಒಂದೊಂದೇ ಹೇಳಿ ಅಜ್ಜಿ. ಮೊದಲನೇ ಮನೆ ಯಾರದು?" ಅವ್ವ ಹೇಳುತ್ತಾ ಹೋದಳು: ಸಕ್ಕರೆ ಅಂಗಡಿಯವರ ಮನೆ, ಎರಡು ಬಾವಿ, ಒಂದು ಸಿಹಿ ಒಂದು ಸವಳು, ಬೇವಿನ ಮರ, ಹೋಳಿಯಲ್ಲಿ ಬಣ್ಣದ ಬಂಡಿ ತಿರುಗುತ್ತಿದ್ದ ಮೂಲೆ, ಅದರ ಎದುರಿಗೆ ನಮ್ಮದು. ಮಗ ನೀರಿಗೆ ಕಲ್ಲು ಎಸೆಯುತ್ತಿದ್ದ. ಅವ್ವ ತಡೆಯಲಿಲ್ಲ. ಬೇವಿನ ಮರ ಬಾವಿಯ ಎಡಕ್ಕೋ ಬಲಕ್ಕೋ ಅನ್ನುವುದರಲ್ಲಿ ಮಾತ್ರ ನನಗೂ ಅವಳಿಗೂ ವಾದ ಆಯಿತು. ಮಗಳು ಎರಡೂ ಕಡೆ ಒಂದೊಂದು ಮರ ಬರೆದಳು. ಆ ಹಾಳೆ ಈಗ ಅವಳ ಟೇಬಲ್ ಮೇಲಿನ ಗೋಡೆಯಲ್ಲಿ ವಂಡರ್‌ಲಾ ಮ್ಯಾಪಿನ ಪಕ್ಕ ಇದೆ.

ರಾತ್ರಿ ಸ್ಟೇಷನ್ನಿನಲ್ಲಿ ಅವ್ವ ಕಟಕ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, ಉಳಿದ ಕರದಂಟು ಎಲ್ಲಾ ಕಿಟಕಿಯಿಂದಲೇ ಒಳಗೆ ಕೊಟ್ಟಳು. ರೈಲು ಹೊರಡುವಾಗ ಮಗನ ಕೈ ಹಿಡಿದು ಹೇಳಿದಳು: "ಮುಂದಿನ ಸರ್ತಿ ಬನದ ಹುಣ್ಣಿವಿಗೆ ಬಾ. ಬನಶಂಕರಿ ಜಾತ್ರ್ಯಾಗ ತಿರುಗೂ ತೊಟ್ಟಿಲು ಎಷ್ಟ್ ದೊಡ್ಡದಿರ್ತೈತಿ ಗೊತ್ತೈತೇನು? ನಾನೂ ಹತ್ತತೀನಿ."

ಜಾತ್ರೆ ಜನವರಿಯಲ್ಲಿ, ಹುಣ್ಣಿಮೆಯಿಂದ ಹೆಚ್ಚುಕಡಿಮೆ ಒಂದು ತಿಂಗಳು ಇರುತ್ತದೆ, ನಾಟಕ ಕಂಪನಿಗಳೂ ಬಂದಿರುತ್ತವೆ. ಬಾದಾಮಿಯಲ್ಲಿ ರೂಮು ಸಿಗುವುದು ಕಷ್ಟ. ನಾನು ಈಗಲೇ ಫೋನ್ ಮಾಡಿ ಕೇಳುತ್ತಿದ್ದೇನೆ, ಕೆಳಗಿನ ಮಹಡಿಯಲ್ಲಿ ಎರಡು ರೂಮು ಇದೆಯಾ ಅಂತ.